ಶಾಲೆಯ ಗಂಟೆಯೂ ಡಾಕ್ಟರೇಟ್ ಪದವಿಯೂ

ನಿಮ್ಮ ಊರಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಬೆಳಗಿನ ಪ್ರಾರ್ಥನೆ, ರಜೆ ಹಾಕಿದ ಶಿಕ್ಷಕರ ತರಗತಿಗೆ ಬದಲಿ ವ್ಯವಸ್ಥೆ, ಬಿಸಿಯೂಟದ ಲೆಕ್ಕ, ಇಲಾಖೆಗೆ ತುರ್ತಾಗಿ ಕಳುಹಿಸಬೇಕಾದ ಮಾಹಿತಿ ಇವೆಲ್ಲ ಮುಗಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ಆದರೂ ಅವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೊರೆಯುತ್ತಿರಬಹುದು. ಏಳನೆಯ ತರಗತಿ ಮುಗಿಸಿದ ಕೆಲವು ಹೆಣ್ಣುಮಕ್ಕಳು ಎಂಟನೆಯ ತರಗತಿಯ ಬಾಗಿಲಿಗೆ ಬರುವುದೇ ಇಲ್ಲವಲ್ಲ, ಏಕೆ? ಇದನ್ನು ಕ್ರಮಬದ್ಧವಾಗಿ ಅಧ್ಯಯನ ಮಾಡಿ ಒಂದು ಡಾಕ್ಟರೇಟ್ ಪದವಿ ಪಡೆಯಬಾರದೇಕೆ ಎಂದು ಅವರು ಯೋಚಿಸುತ್ತಿರುವಾಗಲೇ ಕೈಯಲ್ಲಿರುವ ಫೋನಿನಲ್ಲಿ ಒಂದು ಜಾಹೀರಾತು ಮೂಡುತ್ತದೆ: ಮನೆಯಲ್ಲೇ ಕುಳಿತು ಶಾಲಾ ನಾಯಕತ್ವ ಮತ್ತು ಶಿಕ್ಷಣ ನೀತಿಯಲ್ಲಿ ಆನ್‌ಲೈನ್ ಡಾಕ್ಟರೇಟ್ ಪಡೆಯಿರಿ.

ಸೇರಬೇಕೇ, ಬೇಡವೇ? ಉತ್ತರ ಹೇಳುವ ಮುನ್ನ ಈ ವಿಷಯದ ಇತಿಹಾಸವನ್ನು ಸ್ವಲ್ಪ ನೋಡೋಣ. ಏಕೆಂದರೆ ಈ ಆಸೆ ಹೊಸದಲ್ಲ, ಅದರ ಸುತ್ತಲಿನ ಅನುಮಾನವೂ ಹೊಸದಲ್ಲ.

1858ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ಯಾವ ಕಾಲೇಜಿಗೂ ಸೇರದವರು ಕೂಡ ತನ್ನ ಪರೀಕ್ಷೆಗೆ ಕೂರಬಹುದೆಂದು ಬಾಗಿಲು ತೆರೆಯಿತು. ಎಲ್ಲಿ ಓದಿದಿರಿ ಎಂಬುದಕ್ಕಿಂತ ಏನು ಕಲಿತಿರಿ ಎಂಬುದೇ ಮುಖ್ಯವೆಂಬ ವಿಚಾರ ಅಲ್ಲಿಂದ ಬಲಗೊಂಡಿತು. ಮುಂದೆ 1870ರ ದಶಕದಲ್ಲಿ ಅಮೆರಿಕದ ಬ್ಲೂಮಿಂಗ್ಟನ್ ಪಟ್ಟಣದ ಇಲಿನಾಯ್ ವೆಸ್ಲಿಯನ್ ವಿಶ್ವವಿದ್ಯಾನಿಲಯ ಇನ್ನೊಂದು ಹೆಜ್ಜೆ ಮುಂದಿಟ್ಟು, ಪಿಎಚ್.ಡಿ.ಯನ್ನೇ ದೂರದಲ್ಲಿರುವವರಿಗೆ ಕೊಡತೊಡಗಿತು. ಅಭ್ಯರ್ಥಿಗಳು ನಿಗದಿಯಾದ ಗ್ರಂಥಗಳನ್ನು ಮನೆಯಲ್ಲಿ ಓದಿ, ತಮ್ಮ ಊರಿನಲ್ಲೇ ಮೇಲ್ವಿಚಾರಕರ ಎದುರು ಪರೀಕ್ಷೆ ಬರೆದು, ಪ್ರಬಂಧ ಸಲ್ಲಿಸುತ್ತಿದ್ದರು. ಅವರಲ್ಲಿ ಪಾದ್ರಿಗಳೂ ಶಿಕ್ಷಕರೂ ಬಹುಮಂದಿ. ಆದರೆ ಪ್ರಯೋಗಾಲಯ, ಗ್ರಂಥಾಲಯ, ಗುರುವಿನ ಸಾನ್ನಿಧ್ಯ ಇವಿಲ್ಲದೆ ಸಂಶೋಧನೆ ಹೇಗೆ ಸಾಧ್ಯ ಎಂಬ ಟೀಕೆ ಬಲವಾಗಿ, 1910ರಲ್ಲಿ ಆ ಯೋಜನೆ ನಿಂತುಹೋಯಿತು.

ಈ ನಡುವೆ ಶಿಕ್ಷಣವೇ ಒಂದು ಸಂಶೋಧನಾ ವಿಷಯವಾಗಿ ಬೆಳೆಯಿತು. ನ್ಯೂಯಾರ್ಕಿನ ಟೀಚರ್ಸ್ ಕಾಲೇಜಿನ ಮೂಲಕ 1893ರಲ್ಲಿ ಶಿಕ್ಷಣಶಾಸ್ತ್ರದಲ್ಲಿ ಡಾಕ್ಟರೇಟ್ ವ್ಯಾಸಂಗ ಆರಂಭವಾಯಿತು. 1920ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯ ಶಾಲೆಗಳನ್ನು ನಡೆಸುವವರಿಗಾಗಿಯೇ ಇಡಿ.ಡಿ. ಎಂಬ ಪ್ರತ್ಯೇಕ ಪದವಿಯನ್ನು ರೂಪಿಸಿತು. ಪಿಎಚ್.ಡಿ. ವಿದ್ವಾಂಸರಿಗೆ, ಇಡಿ.ಡಿ. ಆಡಳಿತಗಾರರಿಗೆ ಎಂಬುದು ಉದ್ದೇಶ. ಆದರೆ ತೊಡಕು ಉಳಿದೇ ಇತ್ತು. ಶಾಲೆ ನಡೆಸುವವರಿಗೆಂದು ಮಾಡಿದ ಪದವಿಗಾಗಿ ಅವರು ಶಾಲೆಯನ್ನೇ ಬಿಟ್ಟು ಬರಬೇಕು! ಸಂಸಾರ, ಸಾಲ, ಸಂಬಳ ಇರುವವರು ಹೇಗೆ ಬಂದಾರು?

ಈ ತೊಡಕಿನಿಂದಲೇ ಹೊಸ ಬಗೆಯ ಸಂಸ್ಥೆಗಳು ಹುಟ್ಟಿದವು. 1970ರಲ್ಲಿ ಬರ್ನಾರ್ಡ್ ಮತ್ತು ರೀಟಾ ಟರ್ನರ್ ಎಂಬ ನ್ಯೂಯಾರ್ಕಿನ ಶಿಕ್ಷಕ ದಂಪತಿಗಳು ದುಡಿಯುತ್ತಿರುವವರಿಗೆಂದೇ ವಾಲ್ಡನ್ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು. 1972ರಲ್ಲಿ ಫ್ಲಾರಿಡಾದ ನೋವಾ ವಿಶ್ವವಿದ್ಯಾನಿಲಯವು ಶಾಲಾ ಆಡಳಿತಗಾರರಿಗಾಗಿ ಕ್ಷೇತ್ರಾಧಾರಿತ ಇಡಿ.ಡಿ. ಆರಂಭಿಸಿತು. ಬೇರೆ ಬೇರೆ ರಾಜ್ಯಗಳ ಊರುಗಳಲ್ಲಿ ಮುಖ್ಯೋಪಾಧ್ಯಾಯರ ಸಣ್ಣ ಗುಂಪುಗಳು ಏರ್ಪಟ್ಟವು. ಪ್ರಾಧ್ಯಾಪಕರೇ ವಿಮಾನ ಹತ್ತಿ ಬಂದು ಪಾಠ ಹೇಳಿ ಹೋಗುತ್ತಿದ್ದರು. ಅಭ್ಯರ್ಥಿಯು ತನ್ನ ಶಾಲೆಯ ನಿಜವಾದ ಒಂದು ಸಮಸ್ಯೆಯನ್ನೇ ಕೈಗೆತ್ತಿಕೊಂಡು ಪರಿಹಾರ ಪ್ರಯತ್ನಿಸಿ ವರದಿ ಬರೆಯಬೇಕಿತ್ತು. ವಿದ್ಯಾರ್ಥಿ ವಿಶ್ವವಿದ್ಯಾನಿಲಯಕ್ಕೆ ಹೋಗುವ ಬದಲು ವಿಶ್ವವಿದ್ಯಾನಿಲಯವೇ ವಿದ್ಯಾರ್ಥಿಯ ಬಳಿಗೆ ಬಂದಂತಾಯಿತು.

ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಉತ್ತರ ಕೆರೊಲಿನಾ ರಾಜ್ಯದ ಮಂಡಳಿ ನೋವಾಕ್ಕೆ ಪರವಾನಗಿ ನಿರಾಕರಿಸಿದಾಗ, 1982ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ನೋವಾದ ಪರವಾಗಿ ತೀರ್ಪಿತ್ತಿತು. ಪದವಿ ಪ್ರದಾನವಾಗುವುದು ಫ್ಲಾರಿಡಾದಲ್ಲಿ, ಇಲ್ಲಿ ನಡೆಯುವುದು ಬೋಧನೆ ಮಾತ್ರ, ಅದನ್ನು ತಡೆಯುವ ಅಧಿಕಾರವನ್ನು ಕಾನೂನು ಮಂಡಳಿಗೆ ಕೊಟ್ಟಿಲ್ಲ ಎಂಬುದು ಅದರ ತಿರುಳು. ಆದರೆ ಎರಡೇ ವರ್ಷಗಳ ತರುವಾಯ, 1984ರಲ್ಲಿ, ರಾಜಧಾನಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಸಾರ್ವಜನಿಕ ಆಡಳಿತದ ಡಾಕ್ಟರೇಟ್ ಕುರಿತ ಮೊಕದ್ದಮೆಯಲ್ಲಿ ಅದೇ ನೋವಾಕ್ಕೆ ಪರವಾನಗಿ ನಿರಾಕರಿಸಿದ್ದನ್ನು ಎತ್ತಿಹಿಡಿಯಿತು. ಪೂರ್ಣಕಾಲಿಕ ಅಧ್ಯಾಪಕರು ಮತ್ತು ಗ್ರಂಥಾಲಯ ಸಾಲದೆಂಬುದೇ ಅಲ್ಲಿನ ಮುಖ್ಯ ಆಕ್ಷೇಪವಾಗಿತ್ತು. ಅಂದರೆ 1910ರಲ್ಲಿ ಬ್ಲೂಮಿಂಗ್ಟನ್ನಿನಲ್ಲಿ ಕೇಳಿದ ಪ್ರಶ್ನೆಯೇ ಮತ್ತೆ ಎದ್ದು ನಿಂತಿತ್ತು.

1980ರ ದಶಕದಿಂದ ಕಂಪ್ಯೂಟರ್ ಜಾಲ ಈ ಕೆಲಸಕ್ಕೆ ಬಂದಿತು. ಅಂಚೆ ಹೋಗಿ ತಂತಿ ಬಂತು, ತಂತಿ ಹೋಗಿ ಪರದೆ ಬಂತು. ಪ್ರಶ್ನೆ ಮಾತ್ರ ಬದಲಾಗಲಿಲ್ಲ. 2005ರಲ್ಲಿ ಟೀಚರ್ಸ್ ಕಾಲೇಜಿನ ಅಧ್ಯಕ್ಷರೇ ಆಗಿದ್ದ ಆರ್ಥರ್ ಲೆವಿನ್ ಶಾಲಾ ನಾಯಕರ ತರಬೇತಿ ಕುರಿತ ವರದಿಯೊಂದನ್ನು ಪ್ರಕಟಿಸಿ, ಇಡಿ.ಡಿ. ಪದವಿಯನ್ನು ಕೈಬಿಡುವುದೇ ಲೇಸೆಂದರು. ಅವರ ಟೀಕೆ ಕೇವಲ ದೂರಶಿಕ್ಷಣದ ಮೇಲಲ್ಲ. ಕಟ್ಟಡವಿದ್ದ, ಹೆಸರಿದ್ದ ವಿಶ್ವವಿದ್ಯಾನಿಲಯಗಳೂ ಆ ಪದವಿಯನ್ನು ಸಡಿಲಗೊಳಿಸಿವೆ, ಸಂಬಳ ಬಡ್ತಿಗಾಗಿ ಜನ ಪದವಿ ಸಂಪಾದಿಸುತ್ತಾರೆ ಎಂಬುದು ಅವರ ಕಳವಳ. ಪದವಿಯನ್ನು ತೆಗೆದುಹಾಕುವ ಬದಲು ತಿದ್ದಬೇಕೆಂದು ಹೊರಟವರೂ ಇದ್ದರು. ಅವರು 2007ರಲ್ಲಿ ಕಾರ್ನೆಗಿ ಹೆಸರಿನ ಯೋಜನೆಯೊಂದರಡಿ ಒಟ್ಟುಗೂಡಿ, ಅಭ್ಯರ್ಥಿಯ ವೃತ್ತಿಯಲ್ಲಿ ಎದುರಾಗುವ ನಿಜ ಸಮಸ್ಯೆಯೇ ಸಂಶೋಧನೆಯ ಕೇಂದ್ರವಾಗಬೇಕೆಂದು ಸಾರಿದರು.

ಇನ್ನು ನಮ್ಮಲ್ಲಿಗೆ ಬರೋಣ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತ್ತು. ಅದೇ ಬೇರಿನಿಂದ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಚಿಗುರಿತು. ಅಂಚೆಯ ಮೂಲಕ ಪದವಿ ಪಡೆದು ಬದುಕು ಕಟ್ಟಿಕೊಂಡ ಶಿಕ್ಷಕರು ನಿಮ್ಮ ಬಂಧುಬಳಗದಲ್ಲೇ ಇರಬಹುದು. ಆದರೆ ಪಿಎಚ್.ಡಿ.ಯ ವಿಷಯದಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಗೆರೆ ಎಳೆದಿದೆ. 2009ರ ನಿಯಮ ದೂರಶಿಕ್ಷಣದ ಪಿಎಚ್.ಡಿ.ಯನ್ನು ನಿಷೇಧಿಸಿತು. 2022ರ ನಿಯಮ ಆನ್‌ಲೈನ್ ವಿಧಾನಕ್ಕೂ ಅದನ್ನೇ ಹೇಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆಯೋಗವೂ ತಾಂತ್ರಿಕ ಶಿಕ್ಷಣ ಪರಿಷತ್ತೂ ಜೊತೆಗೂಡಿ, ವಿದೇಶಿ ಸಂಸ್ಥೆಗಳ ಸಹಯೋಗವೆಂದು ಹೇಳಿಕೊಂಡು ಕಂಪನಿಗಳು ನೀಡುವ ಆನ್‌ಲೈನ್ ಪಿಎಚ್.ಡಿ.ಗಳಿಗೆ ಮಾನ್ಯತೆ ಇಲ್ಲವೆಂದು ಎಚ್ಚರಿಸಿದವು.

ಹಾಗಾದರೆ ನಮ್ಮ ಮುಖ್ಯೋಪಾಧ್ಯಾಯರಿಗೆ ದಾರಿಯೇ ಇಲ್ಲವೇ? ಇದೆ. 2022ರ ನಿಯಮದಲ್ಲಿ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶವಿದೆ. ಅದಕ್ಕೆ ಉದ್ಯೋಗದಾತರ ಒಪ್ಪಿಗೆ ಪತ್ರ ಬೇಕು. ಅಭ್ಯರ್ಥಿಗೆ ಅನುಮತಿ ಇದೆ, ಕರ್ತವ್ಯದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ದೊರೆಯುತ್ತದೆ, ಅಗತ್ಯ ಬಿದ್ದರೆ ಕೋರ್ಸಿನ ಅಧ್ಯಯನಕ್ಕಾಗಿ ಕೆಲಸದಿಂದ ಬಿಡುಗಡೆ ಮಾಡಲಾಗುವುದು ಎಂಬ ಮಾತು ಆ ಪತ್ರದಲ್ಲಿರಬೇಕು. ಕನಿಷ್ಠ ಅವಧಿ 3 ವರ್ಷ. ಇದು ಬರಿಯ ಕಾಗದದ ಕಟ್ಟಳೆಯಲ್ಲ. ನೂರು ವರ್ಷಗಳಿಂದ ಕೇಳುತ್ತ ಬಂದ ಪ್ರಶ್ನೆಗೆ ಇದೂ ಒಂದು ಉತ್ತರ. ಸಂಶೋಧನೆಗೆ ಬೇಕಾದದ್ದು ಸಮಯ ಮತ್ತು ಮಾರ್ಗದರ್ಶನ. ಸಮಯವನ್ನು ಶಾಲೆ ಕೊಡಬೇಕು, ಮಾರ್ಗದರ್ಶನವನ್ನು ವಿಶ್ವವಿದ್ಯಾನಿಲಯ ಕೊಡಬೇಕು.

ಆದ್ದರಿಂದ, ಓದುಗರೇ, ನಿಮಗೋ ನಿಮ್ಮವರಿಗೋ ಇಂಥ ಜಾಹೀರಾತು ಕಂಡರೆ ಹಣ ಕಟ್ಟುವ ಮುನ್ನ ಕೆಲವು ಮಾತು ಕೇಳಿ ನೋಡಿ. ಈ ಪದವಿಯನ್ನು ಇಲ್ಲಿ ಮಾನ್ಯ ಮಾಡುವವರು ಯಾರು? ನನ್ನ ಬರಹವನ್ನು ಓದಿ ತಪ್ಪು ತೋರಿಸುವ ಗುರು ಯಾರು? ನನ್ನ ಪ್ರಬಂಧವನ್ನು ಪರೀಕ್ಷಿಸಿ, ಸಾಲದೆನಿಸಿದರೆ ತಿರಸ್ಕರಿಸುವ ಧೈರ್ಯ ಯಾರಿಗಿದೆ? ಇವಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ, ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನೆನೆದು ಹಿಂದೆ ಸರಿಯುವುದು ಕ್ಷೇಮ.

ಉತ್ತರ ಸಿಕ್ಕರೆ ಹಿಂಜರಿಯಬೇಡಿ. ಎಂಟನೆಯ ತರಗತಿಗೆ ಬಾರದ ಆ ಹುಡುಗಿಯ ಮನೆಯ ದಾರಿ ದೂರದ ಪ್ರಾಧ್ಯಾಪಕರಿಗಿಂತ ಆಕೆಯ ಊರಿನ ಮುಖ್ಯೋಪಾಧ್ಯಾಯರಿಗೆ ಚೆನ್ನಾಗಿ ಗೊತ್ತು. ಆಕೆ ಮರಳಿ ಶಾಲೆಗೆ ಬಂದ ದಿನ, ಹೆಸರಿನ ಹಿಂದೆ ಸೇರುವ ಡಾಕ್ಟರ್ ಎಂಬ ಬಿರುದಿಗೆ ಒಂದು ಅರ್ಥ ಬಂದೀತು.