ಬುಕ್‌ಶೆಲ್ಫ್ ಸ್ಪೀಕರ್ ಕಿಟ್
ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಜೋಡಿಸುವ ಸಣ್ಣ ಸ್ಪೀಕರ್ ಜೋಡಿ. ಅಮೆರಿಕದ ಪಾಲ್ ಕಾರ್ಮೊಡಿ ವಿನ್ಯಾಸಗೊಳಿಸಿದ ‘ಓವರ್‌ನೈಟ್ ಸೆನ್ಸೇಷನ್ಸ್’ ಹೆಸರಾದ ಮಾದರಿ. ಅದರಲ್ಲಿ 4 ಇಂಚಿನ ವೂಫರ್, ಪುಟ್ಟ ಟ್ವೀಟರ್ ಇರುತ್ತವೆ. ಪೆಟ್ಟಿಗೆಗೆ ಸಾಮಾನ್ಯವಾಗಿ ಎಂಡಿಎಫ್ ಹಲಗೆ. ಸಂದುಗಳಲ್ಲಿ ಗಾಳಿ ಸೋರಿದರೆ ಬಾಸ್ ಸೊರಗುತ್ತದೆ.

ಇಡೀ ಕೆಲಸದ ಜೀವಾಳ ಕ್ರಾಸ್‌ಓವರ್. ತಗ್ಗಿನ ಸ್ವರಗಳನ್ನು ವೂಫರ್‌ಗೆ, ಮೇಲಿನವನ್ನು ಟ್ವೀಟರ್‌ಗೆ ಹಂಚುವುದು ಇದೇ. ಇದರ ಕಾಯಿಲ್‌ಗಳನ್ನು ದೂರದೂರ, ಒಂದಕ್ಕೊಂದು ಲಂಬವಾಗಿ ಕೂರಿಸಬೇಕು. ಇಲ್ಲದಿದ್ದರೆ ಒಂದರ ಕಾಂತಕ್ಷೇತ್ರ ಇನ್ನೊಂದನ್ನು ಕೆಣಕುತ್ತದೆ. ಬೆಸುಗೆಗೆ ಆತುರ ಸಲ್ಲದು. ಒಂದು ಪೆಟ್ಟಿಗೆಯ ತಂತಿಗಳು ಅದಲುಬದಲಾದರೆ ಎರಡರ ಬಾಸ್ ಪರಸ್ಪರ ಕಳೆದುಹೋಗುತ್ತದೆ. ಬಿಡಿ ವೂಫರ್‌ಗೆ 1.5 ವೋಲ್ಟಿನ ಸೆಲ್ ಅನ್ನು ಕ್ಷಣಕಾಲ ಮುಟ್ಟಿಸಿದಾಗ ಕೋನ್ ಹೊರಕ್ಕೆ ಜಿಗಿದರೆ, ಸೆಲ್‌ನ ಪ್ಲಸ್ ತಾಗಿದ್ದೇ ವೂಫರ್‌ನ ಪ್ಲಸ್ ತುದಿ. ಟ್ವೀಟರ್ ಮೇಲೆ ಈ ಪರೀಕ್ಷೆ ಮಾಡಬಾರದು.