ಉಗಿಸುತ್ತಿಗೆಯ ಹುಟ್ಟು ಮತ್ತು ಅದರ ಕರ್ತೃತ್ವದ ಪ್ರಶ್ನೆ

ಕೈಗಾರಿಕಾ ಕ್ರಾಂತಿಯ ಚರಿತ್ರೆಯಲ್ಲಿ ನೂಲುವ ಯಂತ್ರ, ಉಗಿಯಂತ್ರ, ರೈಲುದಾರಿಗಳಿಗೆ ದೊರೆತ ಪ್ರಾಶಸ್ತ್ಯ ಸುತ್ತಿಗೆಗೆ ದೊರೆತಿಲ್ಲ. ಆದರೆ ಹಡಗಿನ ಚಕ್ರದ ದಂಡ, ಎಂಜಿನ್ನಿನ ತಿರುಗುದಂಡ, ಲಂಗರು ಮೊದಲಾದ ಭಾರಿ ಭಾಗಗಳನ್ನು ಆ ಕಾಲದಲ್ಲಿ ಎರಕ ಹೊಯ್ದು ಪಡೆಯುವಂತಿರಲಿಲ್ಲ. ಬೀಡುಕಬ್ಬಿಣ ಭಾರವನ್ನು ಹೊರಬಲ್ಲದು. ತಿರುಚಿದರೆ, ಜಗ್ಗಿದರೆ, ಪೆಟ್ಟು ಬಿದ್ದರೆ ಒಡೆಯುತ್ತದೆ. ಹೀಗಾಗಿ ಮೆದುಕಬ್ಬಿಣದ ತುಂಡುಗಳನ್ನು ಬೆಳ್ಳಗೆ ಕಾಯಿಸಿ, ಒಂದರೊಡನೊಂದು ಬೆಸೆದುಕೊಳ್ಳುವಂತೆ ಬಡಿದೇ ಅವನ್ನು ರೂಪಿಸಬೇಕಾಗಿತ್ತು. ಯಂತ್ರವೊಂದು ಎಷ್ಟು ದೊಡ್ಡದಾಗಬಹುದೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತಿದ್ದುದು ಕುಲುಮೆಯ ಸುತ್ತಿಗೆಯೇ.

ನಮ್ಮ ಊರುಗಳ ಕುಲುಮೆಯಲ್ಲಿ ಹಿರಿಯ ಕಮ್ಮಾರ ಇಕ್ಕಳದಲ್ಲಿ ಕಬ್ಬಿಣ ಹಿಡಿದು, ಚಿಕ್ಕ ಸುತ್ತಿಗೆಯಿಂದ ತಟ್ಟಿ ಜಾಗ ತೋರಿಸುತ್ತಾನೆ. ಎದುರಿಗೆ ನಿಂತವರು ಅಲ್ಲಿಗೆ ಸರಿಯಾಗಿ ಸಮ್ಮಟಿಗೆ ಬೀಸುತ್ತಾರೆ. ಯುರೋಪಿನ ಕುಲುಮೆಯ ಕ್ರಮವೂ ಇದಕ್ಕಿಂತ ಬೇರೆಯಾಗಿರಲಿಲ್ಲ. ತೋಳಿನ ಬಲಕ್ಕೆ ಮೀರಿದ ಕೆಲಸಕ್ಕೆ ಅಲ್ಲಿ ನೀರಿನ ಚಕ್ರದಿಂದ, ಅನಂತರ ಉಗಿಯಂತ್ರದಿಂದ ನಡೆಯುವ ಏತದ ಮಾದರಿಯ ಸುತ್ತಿಗೆಗಳಿದ್ದವು. ಉದ್ದನೆಯ ತೊಲೆಯ ತುದಿಯಲ್ಲಿರುವ ತಲೆಯನ್ನು ತಿರುಗುವ ಹಲ್ಲುಗಳು ಎತ್ತಿ ಬಿಡುತ್ತಿದ್ದವು. ತೊಲೆ ಏಳುವ ಎತ್ತರಕ್ಕೆ ಒಂದು ಮಿತಿಯಿತ್ತು. ಬಡಿಗಲ್ಲಿನ ಮೇಲಿಟ್ಟ ಕಬ್ಬಿಣ ದಪ್ಪವಾದಷ್ಟೂ ತಲೆ ಬೀಳುವ ಅಂತರ ಕಡಿಮೆಯಾಗುತ್ತಿತ್ತು. ಎಂದರೆ, ಹೆಚ್ಚಿನ ಪೆಟ್ಟು ಬೇಕಾದ ದೊಡ್ಡ ತುಂಡಿಗೇ ಅತ್ಯಂತ ದುರ್ಬಲವಾದ ಪೆಟ್ಟು! ತೊಲೆ ಬಾಗಿ ಬೀಳುವುದರಿಂದ ಸುತ್ತಿಗೆಯ ಮುಖ ಬಡಿಗಲ್ಲಿಗೆ ಸಮಾನಾಂತರವಾಗಿಯೂ ಕೂಡುತ್ತಿರಲಿಲ್ಲ.

ಈ ತೊಡಕು 1839ರಲ್ಲಿ ನಿರ್ಣಾಯಕ ಘಟ್ಟಕ್ಕೆ ಬಂದಿತು. ಬ್ರಿಸ್ಟಲ್ಲಿನಲ್ಲಿ ‘ಗ್ರೇಟ್ ಬ್ರಿಟನ್’ ಎಂಬ ಕಬ್ಬಿಣದ ಹಡಗನ್ನು ಕಟ್ಟುತ್ತಿದ್ದ ಕಂಪನಿಯ ಎಂಜಿನಿಯರ್ ಫ್ರಾನ್ಸಿಸ್ ಹಂಫ್ರೀಸ್, ಅದರ ಪಕ್ಕದ ಚಕ್ರಗಳಿಗೆ ಬೇಕಾದ ಬೃಹತ್ ದಂಡವನ್ನು ಬಡಿದು ಕೊಡಬಲ್ಲ ಕುಲುಮೆ ಎಲ್ಲಿಯೂ ಸಿಗದೆ, ಮ್ಯಾಂಚೆಸ್ಟರ್ ಬಳಿಯ ಪ್ಯಾಟ್ರಿಕ್ರಾಫ್ಟ್‌ನಲ್ಲಿದ್ದ ಜೇಮ್ಸ್ ನೇಸ್ಮಿತ್‌ಗೆ ಪತ್ರ ಬರೆದನು. ಎಡಿನ್‌ಬರೋದ ಚಿತ್ರಕಾರ ಅಲೆಕ್ಸಾಂಡರ್ ನೇಸ್ಮಿತ್‌ನ ಮಗನಾದ ಜೇಮ್ಸ್‌ಗೆ (1808-1890) ಯೋಚಿಸುವುದೆಂದರೆ ಚಿತ್ರ ಬರೆಯುವುದೇ ಆಗಿತ್ತು. 1839ರ ನವೆಂಬರ್ 24ರ ದಿನಾಂಕವುಳ್ಳ ಅವನ ರೇಖಾಚಿತ್ರದಲ್ಲಿ ತೊಲೆಯಿಲ್ಲ. ಬಡಿಗಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದ ಸಿಲಿಂಡರು, ಅದರ ಪಿಸ್ಟನ್ನಿನ ಕೋಲಿಗೆ ನೇರವಾಗಿ ತೂಗುಹಾಕಿದ ಕಬ್ಬಿಣದ ದಿಮ್ಮಿ. ಉಗಿ ಅದನ್ನು ಮೇಲೆತ್ತುತ್ತದೆ, ಉಗಿಯನ್ನು ಹೊರಬಿಟ್ಟೊಡನೆ ಅದು ತನ್ನ ಭಾರದಿಂದಲೇ ಬೀಳುತ್ತದೆ. ವಸ್ತು ದಪ್ಪವಿದ್ದರೂ ಬೀಳಲು ಬೇಕಾದಷ್ಟು ಅವಕಾಶವಿತ್ತು.

ಆದರೆ ಯಾವ ದಂಡಕ್ಕಾಗಿ ಇದನ್ನು ಕಲ್ಪಿಸಲಾಯಿತೋ ಆ ದಂಡವನ್ನು ಯಾರೂ ಬಡಿಯಲಿಲ್ಲ. 1840ರ ಕೊನೆಯ ವೇಳೆಗೆ ಆ ಹಡಗಿಗೆ ಚಕ್ರಗಳ ಬದಲು ನೀರೊಳಗೆ ತಿರುಗುವ ತಿರುಪು ರೆಕ್ಕೆಯನ್ನೇ ಅಳವಡಿಸುವುದೆಂದು ತೀರ್ಮಾನವಾಯಿತು. ಸುತ್ತಿಗೆ ಚಿತ್ರದ ಪುಸ್ತಕದಲ್ಲಿಯೇ ಉಳಿಯಿತು.

ಮುಂದಿನ ಕಥೆಗೆ ಮುಖ್ಯ ಆಧಾರ ನೇಸ್ಮಿತ್‌ನ ಆತ್ಮಕಥೆ. ಅವನ ಪ್ರಕಾರ, ಫ್ರಾನ್ಸಿನ ಲ ಕ್ರೂಜೊ ಕಾರ್ಖಾನೆಯ ಷ್ನೈಡರ್ ಮತ್ತು ಅಲ್ಲಿನ ಎಂಜಿನಿಯರ್ ಫ್ರಾಂಸ್ವಾ ಬೂರ್ದೋ ಪ್ಯಾಟ್ರಿಕ್ರಾಫ್ಟ್‌ಗೆ ಬಂದಾಗ ತಾನು ಊರಿನಲ್ಲಿರಲಿಲ್ಲ. ಪಾಲುದಾರನು ಅವರಿಗೆ ಆ ಚಿತ್ರವನ್ನು ತೋರಿಸಿದನು. 1842ರಲ್ಲಿ ತಾನು ಲ ಕ್ರೂಜೊಗೆ ಹೋದಾಗ ತನ್ನ ಸುತ್ತಿಗೆಯೇ ಅಲ್ಲಿ ಕೆಲಸ ಮಾಡುತ್ತಿದ್ದುದನ್ನು ಕಂಡು ಬೆರಗಾದನು. ಅದೇ ವರ್ಷದ ಜೂನ್‌ನಲ್ಲಿ ಅವನು ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದನು. ಷ್ನೈಡರ್ ಸಂಸ್ಥೆ ಫ್ರಾನ್ಸಿನಲ್ಲಿ 1841ರಲ್ಲಿಯೇ ಪೇಟೆಂಟ್ ಪಡೆದಿತ್ತು. ಬೂರ್ದೋ ಸ್ವತಂತ್ರವಾಗಿ ಈ ಯಂತ್ರವನ್ನು ಕಲ್ಪಿಸಿದನೆಂಬುದು ಫ್ರೆಂಚರ ವಾದ.

ಈ ಎರಡು ಹೇಳಿಕೆಗಳನ್ನು ತೂಗಿ ನೋಡುವಾಗ ಆತ್ಮಕಥೆ ಪ್ರಕಟವಾದುದು 1883ರಲ್ಲಿ, ಅದನ್ನು ಸಂಪಾದಿಸಿದವನು ಸ್ವಪ್ರಯತ್ನದಿಂದ ಮೇಲೆ ಬಂದವರ ಚರಿತ್ರೆಗಳನ್ನು ಬರೆದು ಪ್ರಸಿದ್ಧನಾದ ಸ್ಯಾಮ್ಯುಯೆಲ್ ಸ್ಮೈಲ್ಸ್ ಎಂಬುದನ್ನು ನೆನಪಿಡಬೇಕು. ಚಿತ್ರದ ದಿನಾಂಕ ನೇಸ್ಮಿತ್‌ನ ಪರವಾಗಿದೆ. ಮೊದಲು ಕಟ್ಟಿ ಬಳಸಿದ ಹೆಗ್ಗಳಿಕೆ ನಿಸ್ಸಂದೇಹವಾಗಿ ಬೂರ್ದೋನದು. ಉಗಿಯಿಂದ ನೇರವಾಗಿ ಸುತ್ತಿಗೆ ನಡೆಸುವ ಆಲೋಚನೆಯಾದರೋ ಇಬ್ಬರಿಗಿಂತಲೂ ಹಳೆಯದು: ಜೇಮ್ಸ್ ವ್ಯಾಟ್‌ನ 1784ರ ಪೇಟೆಂಟಿನಲ್ಲಿಯೂ ವಿಲಿಯಂ ಡೆವೆರೆಲ್‌ನ 1806ರ ಪೇಟೆಂಟಿನಲ್ಲಿಯೂ ಅದು ಕಾಣಸಿಗುತ್ತದೆ.

ಇವರೆಲ್ಲರಿಗಿಂತ ಹೆಚ್ಚು ಅನ್ಯಾಯವಾದುದು ರಾಬರ್ಟ್ ವಿಲ್ಸನ್‌ಗೆ. ಆರಂಭದ ಸುತ್ತಿಗೆಯಲ್ಲಿ ಪ್ರತಿ ಪೆಟ್ಟಿಗೂ ಕವಾಟವನ್ನು ಕೈಯಿಂದ ತೆರೆದು ಮುಚ್ಚಬೇಕಾಗಿತ್ತು. ಪ್ಯಾಟ್ರಿಕ್ರಾಫ್ಟ್‌ನಲ್ಲಿಯೇ ದುಡಿಯುತ್ತಿದ್ದ ವಿಲ್ಸನ್ 1843ರಲ್ಲಿ ಕವಾಟ ತಾನಾಗಿಯೇ ಚಲಿಸುವ, ಪೆಟ್ಟಿನ ಬಲವನ್ನು ಬೇಕಾದಂತೆ ಏರಿಳಿಸಬಹುದಾದ ಜೋಡಣೆಯನ್ನು ರೂಪಿಸಿದನು. ಗಾಜಿನ ಲೋಟದಲ್ಲಿಟ್ಟ ಮೊಟ್ಟೆಯ ಸಿಪ್ಪೆಯನ್ನಷ್ಟೇ ಒಡೆದು, ಮರುಕ್ಷಣ ಕಟ್ಟಡವೇ ನಡುಗುವಂತೆ ಬಡಿಯುವ ಪ್ರದರ್ಶನ ಜನಪ್ರಿಯವಾದುದು ಇಂತಹ ನಿಯಂತ್ರಣದಿಂದಲೇ. ಆ ಮೆಚ್ಚುಗೆ ಸಂದುದು ಮಾತ್ರ ಕಾರ್ಖಾನೆಯ ಒಡೆಯನಿಗೆ. ಆತ್ಮಕಥೆಯಲ್ಲಿಯೂ ವಿಲ್ಸನ್‌ಗೆ ಸಲ್ಲಬೇಕಾದ ಮನ್ನಣೆ ದೊರೆತಿಲ್ಲ.

ಒಡೆಯನ ಧೋರಣೆಯನ್ನು ಅವನ ಮಾತುಗಳೇ ತಿಳಿಸುತ್ತವೆ. ಕಸಬುದಾರರ ಸಂಘಗಳೊಡನೆ ನೇಸ್ಮಿತ್ 1836ರಿಂದಲೂ ಕಾದಾಡಿದವನು. ಸ್ವಯಂಚಾಲಿತ ಯಂತ್ರಗಳ ನೆರವಿನಿಂದ ತಾನು ವಯಸ್ಕ ಕೆಲಸಗಾರರ ಸಂಖ್ಯೆಯನ್ನು 1500ರಿಂದ 750ಕ್ಕೆ ಇಳಿಸಿದೆನೆಂದು ಅವನು ಕಾರ್ಮಿಕ ಸಂಘಗಳ ವಿಚಾರಣಾ ಆಯೋಗದ ಮುಂದೆ ನುಡಿದನು. ಕಾರ್ಲ್ ಮಾರ್ಕ್ಸ್ ‘ಬಂಡವಾಳ’ದಲ್ಲಿ ಈ ಸಾಕ್ಷ್ಯವನ್ನು ಬಳಸಿಕೊಂಡಿದ್ದಾನೆ. ಸಮ್ಮಟಿಗೆ ಬೀಸುತ್ತಿದ್ದವರ ಸಾಕ್ಷ್ಯವನ್ನು ಇಷ್ಟು ಜತನದಿಂದ ಯಾರೂ ಬರೆದಿಡಲಿಲ್ಲ.

ಮುಂದಿನ ಅರ್ಧ ಶತಮಾನ ಗಾತ್ರದ ಪೈಪೋಟಿಯಲ್ಲಿ ಕಳೆಯಿತು. ಜರ್ಮನಿಯ ಎಸೆನ್‌ನಲ್ಲಿ ಕ್ರುಪ್ 1861ರಲ್ಲಿ ‘ಫ್ರಿಟ್ಸ್’ ಎಂಬ ಸುತ್ತಿಗೆಯನ್ನು ನಿಲ್ಲಿಸಿದನು. ಅದರ ತಲೆಯ ತೂಕ 50 ಟನ್‌ಗೆ ಏರಿತು. ಲ ಕ್ರೂಜೊದಲ್ಲಿ 1877ರಲ್ಲಿ 100 ಟನ್ನಿನದು, ಅಮೆರಿಕದ ಬೆತ್ಲೆಹೆಮ್‌ನಲ್ಲಿ 1891ರಲ್ಲಿ 125 ಟನ್ನಿನದು ಬಂದವು. ಆದರೆ ಉಕ್ಕಿನ ಗಟ್ಟಿಗಳು ದೊಡ್ಡವಾದಂತೆ ಹಳೆಯ ತೊಡಕು ಹೊಸ ರೂಪದಲ್ಲಿ ಎದುರಾಯಿತು. ಸುತ್ತಿಗೆಯ ಪೆಟ್ಟು ಕ್ಷಣಮಾತ್ರದ್ದು. ಅದರ ಬಲ ಬಹುಪಾಲು ಹೊರಮೈಯಲ್ಲಿಯೇ ತೀರಿಹೋಗಿ ತಿರುಳು ಸಾಕಷ್ಟು ಒತ್ತಡವಿಲ್ಲದೆ ಉಳಿಯುತ್ತಿತ್ತು. ವಿಯೆನ್ನಾದಲ್ಲಿ ಜಾನ್ ಹಾಸ್ವೆಲ್ 1861ರ ಸುಮಾರಿನಲ್ಲಿ ಬಳಕೆಗೆ ತಂದಿದ್ದ ದ್ರವಬಲದ ಒತ್ತುಯಂತ್ರ ನಿಧಾನವಾಗಿ ಹಿಸುಕುವುದರಿಂದ ಒತ್ತಡ ತಿರುಳಿನವರೆಗೂ ಇಳಿಯುತ್ತಿತ್ತು, ನೆಲವೂ ನಡುಗುತ್ತಿರಲಿಲ್ಲ. ಅತಿ ಭಾರಿ ಕೆಲಸಗಳು ಕ್ರಮೇಣ ಅದರ ಪಾಲಾದವು. ಅಚ್ಚಿನಲ್ಲಿಟ್ಟು ಬಡಿಯುವ ಸಣ್ಣ ಭಾಗಗಳಿಗೆ ಸುತ್ತಿಗೆಗಳು ಇಂದಿಗೂ ಬಳಕೆಯಲ್ಲಿವೆ.

ಬೆತ್ಲೆಹೆಮ್ಮಿನ ದೈತ್ಯ ಹೆಚ್ಚು ಕಾಲ ದುಡಿಯಲಿಲ್ಲ. ‘ಫ್ರಿಟ್ಸ್’ 1911ರಲ್ಲಿ ನಿಂತಿತು. ಲ ಕ್ರೂಜೊದ ಸುತ್ತಿಗೆ 1930ರವರೆಗೆ ನಡೆದು, 1969ರಲ್ಲಿ ಊರಿನ ಪ್ರವೇಶದ್ವಾರದ ಬಳಿ ಸ್ಮಾರಕವಾಗಿ ನಿಂತಿತು.