ಎನ್‌ವಿಡಿಎ: ಜೊತೆಗೊಯ್ಯುವ ಪರದೆ ವಾಚಕ

ಎನ್‌ವಿಡಿಎ ವಿಂಡೋಸ್ ಕಂಪ್ಯೂಟರಿನ ಪರದೆಯ ಮೇಲಿರುವುದನ್ನು ಧ್ವನಿಯಲ್ಲಿ ಅಥವಾ ಬ್ರೈಲ್‌ನಲ್ಲಿ ಅಂಧರಿಗೆ ತಲುಪಿಸುವ ಉಚಿತ, ಮುಕ್ತ ತಂತ್ರಾಂಶ. ಸ್ವತಃ ಅಂಧರಾದ ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಇದನ್ನು ಆರಂಭಿಸಿದರು. ಇದರ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಯಾವ ವಿಂಡೋಸ್ ಕಂಪ್ಯೂಟರಿನಲ್ಲೂ ಸ್ಥಾಪಿಸದೆ ನಡೆಸಬಹುದು. ಇದರ ನಿಜವಾದ ಹಿರಿಮೆ ಇದೇ. ಗ್ರಂಥಾಲಯ, ಕಾಲೇಜುಗಳ ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶ ಸ್ಥಾಪಿಸುವ ಅನುಮತಿ ಸಾಮಾನ್ಯವಾಗಿ ಬಳಕೆದಾರರಿಗೆ ಇರುವುದಿಲ್ಲ. ಓದುವ ಸಾಧನವಿಲ್ಲದ ಕಂಪ್ಯೂಟರ್ ಅಂಧರಿಗೆ ಮುಚ್ಚಿದ ಬಾಗಿಲೇ ಸರಿ.

ವಿಂಡೋಸ್‌ನಲ್ಲೇ ನರೇಟರ್ ಎಂಬ ಪರದೆ ವಾಚಕ ಇರುವಾಗ ಎನ್‌ವಿಡಿಎ ಏಕೆ ಎಂದು ಕೇಳುವವರಿದ್ದಾರೆ. ಪರದೆ ವಾಚಕವನ್ನು ಬಳಸುವುದು ಅಭ್ಯಾಸದ ಕೆಲಸ. ರೂಢಿಯಾದ ಮಾತಿನ ವೇಗ, ಕೀಲಿಗಳು, ಆಡ್‌ಆನ್‌ಗಳು, ಕನ್ನಡವನ್ನೂ ಓದಬಲ್ಲ ಇಸ್ಪೀಕ್ ಧ್ವನಿ ಬೇರೆಯವರ ಯಂತ್ರದಲ್ಲಿ ಸಿದ್ಧವಾಗಿರುವುದಿಲ್ಲ. ಪೆನ್‌ಡ್ರೈವ್‌ನ ಪ್ರತಿಯಲ್ಲಿ ಅವೆಲ್ಲ ಜೊತೆಗೇ ಬರುತ್ತವೆ. ಮಿತಿಗಳೂ ಸಣ್ಣವಲ್ಲ: ಈ ಪ್ರತಿ ಲಾಗಿನ್ ಪರದೆಯನ್ನು ಓದದು, ಅಡ್ಮಿನ್ ಅಧಿಕಾರದಲ್ಲಿ ನಡೆಯುವ ತಂತ್ರಾಂಶಗಳೊಡನೆ ಕೆಲಸ ಮಾಡದು. ವೈರಸ್ ಭಯದಿಂದ ಪೆನ್‌ಡ್ರೈವ್ ನಿಷೇಧಿಸುವ ಸಂಸ್ಥೆಗಳ ಆತಂಕವೂ ನ್ಯಾಯವಾದದ್ದೇ. ಆದರೆ ಹಾಗೆ ನಿಷೇಧಿಸುವವರು ಎನ್‌ವಿಡಿಎಯನ್ನು ತಾವೇ ಸ್ಥಾಪಿಸಿಡಬೇಕು. ಅದಕ್ಕೆ ಪರವಾನಗಿ ಶುಲ್ಕವಿಲ್ಲ.